ಕ್ಯಾಸನೂರಿನ ಲಾ ಪಾಯಿಂಟು

ನಮ್ಮ ಸೀಮೆಯಲ್ಲಿ ಕೊಟ್ಟಿಗೆಯಲ್ಲಿ ದನ ಇಲ್ಲದ ಮನೆಗಳು ಈಗೀಗ ಬೇಕಾದಷ್ಟು ಸಿಗುತ್ತವೆ. ಕೋರ್ಟಿನಲ್ಲಿ ಕೇಸು ಇಲ್ಲದ ಮನೆಯನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಬೇಲಿಯದ್ದೋ, ತೋಟಕ್ಕೆ ಹೋಗುವ ದಾರಿಯದ್ದೋ, ಕೆರೆ ಕೋಡಿಯ ನೀರಿನದ್ದೋ, ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲೇ ಮುಗಿದಿದ್ದ ಹಿಸ್ಸೆಯದ್ದೋ, ಒಂದಲ್ಲ ಒಂದು ಇದ್ದೇ ಇರುತ್ತದೆ. ಗಂಡಿನ ಮನೆ ನೋಡಲು ಬಂದವರು ತೋಟ ಎಷ್ಟು, ಗದ್ದೆ ಎಷ್ಟು ಎಂದು ಗಟ್ಟಿಯಾಗಿ ಕೇಳಿ, ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ "ತಕರಾರು ಗಿಕರಾರು ಎಂತದೂ ಇಲ್ಲವಲ್ಲ?" ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಇದೆ ಎಂದರೂ ಸಂಬಂಧವೇನೂ ತಪ್ಪುವುದಿಲ್ಲ. ಅವರ ಮನೆಯದ್ದೂ ಒಂದು ನಡೆಯುತ್ತಿರುತ್ತದೆ. ಎರಡೂ ಕಡೆಯವರಿಗೆ ಮಾತಿಗೊಂದು ವಿಷಯವಾಯಿತು. ಪಹಣಿ, ಪೋಡಿ, ಮ್ಯುಟೇಶನ್, ಸ್ಟೇ, ವಾಯಿದೆ ಎಂಬ ಮಾತುಗಳು ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಸರಾಗ. "ಲಾ ಪಾಯಿಂಟ್ ಹಾಕಬೇಡ, ಸುಮ್ನೆ ಹಾಲು ಕುಡಿ" ಎಂದು ತಾಯಂದಿರು ಆರು ವರ್ಷದ ಮಕ್ಕಳನ್ನು ಗದರುವ ಊರು ನಮ್ಮದು.

ಸೊರಬ ಸೀಮೆಯ ಇಂಥ ಕ್ಯಾಸನೂರಿನಲ್ಲಿ, ಕಾನೂನು ಓದುವುದಕ್ಕೆ ಸೇರಲು ಮೊದಲು ಒಂದು ಪರೀಕ್ಷೆ ಬರೆಯಬೇಕು, ಅದಕ್ಕೆ ವರ್ಷಗಟ್ಟಲೆ ತಯಾರಿ ಬೇಕು ಎಂಬ ಸುದ್ದಿಯನ್ನು ಜನ ನಂಬಲಿಲ್ಲ. ಸುದ್ದಿ ತಂದವಳು ನನ್ನ ತಮ್ಮನ ಮಗಳು. ಪಿಯುಸಿಯಲ್ಲಿದ್ದಳು. ಎಲ್ಲರೂ ನೀಟ್ ಬರೆಯುತ್ತಾರೆ, ಸಿಇಟಿ ಬರೆಯುತ್ತಾರೆ, ಇವಳೂ ಅದನ್ನೇ ಬರೆಯುತ್ತಾಳೆ ಎಂದುಕೊಂಡಿದ್ದ ಮನೆಯವರ ಎದುರು ಒಂದು ಸಂಜೆ "ದೊಡ್ಡಪ್ಪ, ನಾನು ಕ್ಲ್ಯಾಟ್ ಬರೀತೀನಿ" ಎಂದಳು. ಮನೆಯವರಿಗೆಲ್ಲ ಹೇಳಬೇಕಾದ ಕಷ್ಟದ ಮಾತನ್ನು ನನ್ನ ಕಡೆ ತಿರುಗಿ ಹೇಳುವುದು ಅವಳ ಅಭ್ಯಾಸ. ಆಗಲೇ ನನಗೆ ಅನ್ನಿಸಿತು, ವಕೀಲೆಯಾಗುತ್ತಾಳೆ ಎಂದು. ಎದುರಾಳಿಗೆ ಮುಟ್ಟಬೇಕಾದ್ದನ್ನು ನ್ಯಾಯಾಧೀಶರ ಮುಖ ನೋಡಿ ಹೇಳುವವರೇ ಅಲ್ಲವೇ ವಕೀಲರು?

ಕ್ಲ್ಯಾಟ್ ಎಂದರೇನು ಎಂದು ಜಗಲಿಯ ಮೇಲೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಿನ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ, ಅದಕ್ಕಾಗಿ ನಮ್ಮ ವಿಧಾನಸಭೆಯೇ 1986ರಲ್ಲಿ ಕಾಯ್ದೆ ಮಾಡಿತು, ಎನ್.ಆರ್. ಮಾಧವ ಮೆನನ್ ಮೊದಲ ನಿರ್ದೇಶಕರಾಗಿ 1988ರಲ್ಲಿ ಪಾಠ ಶುರುವಾಯಿತು. ಪಿಯುಸಿ ಮುಗಿಸಿದವರು ನೇರವಾಗಿ ಸೇರಿ ಐದು ವರ್ಷ ಓದುವುದು ಅಲ್ಲಿಯ ಪದ್ಧತಿ. ಅದನ್ನು ನೋಡಿ ಬೇರೆ ರಾಜ್ಯಗಳೂ ಒಂದೊಂದು ಕಟ್ಟಿಕೊಂಡವು. ಒಂದೊಂದಕ್ಕೂ ಒಂದೊಂದು ಪ್ರವೇಶ ಪರೀಕ್ಷೆ, ಒಂದೊಂದು ಫೀಸು, ಎರಡರ ತಾರೀಕು ಒಂದೇ ದಿನ. ಕೊನೆಗೆ ಒಬ್ಬ ವಿದ್ಯಾರ್ಥಿ 2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ. ಅದರಿಂದಾಗಿ 2008ರಲ್ಲಿ ಅವುಗಳಲ್ಲಿ ಹಲವಕ್ಕೆ ಸೇರಿ ಒಂದೇ ಪರೀಕ್ಷೆ, ಕ್ಲ್ಯಾಟ್, ಬಂತು. ಇಷ್ಟು ಹೇಳುವಷ್ಟರಲ್ಲಿ ಪಕ್ಕದ ಮನೆಯ ಹಿರಿಯರ ಮುಖ ಅರಳಿತು. "ಅಂದ್ರೆ ಪರೀಕ್ಷೆ ಹುಟ್ಟಿದ್ದೇ ಕೇಸಿನಿಂದ! ಹಂಗಾದ್ರೆ ಸರಿಯಾದ ಪರೀಕ್ಷೆ ಬಿಡು" ಎಂದರು. ಅವರ ಮಟ್ಟಿಗೆ ಕ್ಲ್ಯಾಟಿಗೆ ಮಾನ್ಯತೆ ಸಿಕ್ಕಿದ್ದು ಆ ಕ್ಷಣದಲ್ಲಿ.

ಸೀಟಿನ ಮೇಲೂ ಕೇಸು ನಡೆದಿದೆ ಎಂದು ತಿಳಿದಾಗ ಅವರ ಗೌರವ ಇನ್ನಷ್ಟು ಹೆಚ್ಚಿತು. ನಾಗರಬಾವಿಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲಿಡಬೇಕೆಂದು ಸರ್ಕಾರ 2020ರಲ್ಲಿ ತಿದ್ದುಪಡಿ ತಂದಿತು. ಅದೇ ವರ್ಷ ಹೈಕೋರ್ಟು ಅದನ್ನು ರದ್ದು ಮಾಡಿತು. ಮರುವರ್ಷ ವಿಶ್ವವಿದ್ಯಾಲಯ ತಾನಾಗಿಯೇ ಅಷ್ಟೇ ಪಾಲನ್ನು ಜಾರಿಗೆ ತಂದಿತು. "ಕೋರ್ಟಲ್ಲಿ ಸೋತು ಮನೆಗೆ ಬಂದ ಮೇಲೆ ಪಾಲು ಕೊಟ್ಟಂಗಾಯ್ತು" ಎಂದು ತಮ್ಮ ಒಂದೇ ಮಾತಿನಲ್ಲಿ ಮುಗಿಸಿದ. ಅವನಿಗೆ ಅಂಥ ಒಂದು ಅನುಭವವಿದೆ.

ಪರೀಕ್ಷೆಯ ಲೆಕ್ಕಾಚಾರ ಹೀಗೆ: ಎರಡು ಗಂಟೆ, 120 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಅದರಲ್ಲಿ ಒಂದೇ ಸರಿ. ತಪ್ಪಾದರೆ ಕಾಲು ಅಂಕ ಕಳೆಯುತ್ತಾರೆ. ಇಂಗ್ಲಿಷು, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಬರೀ ತರ್ಕ, ಒಂದಿಷ್ಟು ಗಣಿತ. ಎಲ್ಲಕ್ಕೂ ಮೊದಲು ಒಂದು ಉದ್ದನೆಯ ಗದ್ಯಭಾಗ ಇರುತ್ತದೆ, ಅದನ್ನೋದಿ ಉತ್ತರಿಸಬೇಕು. ಅರ್ಜಿ ಶುಲ್ಕ ನಾಲ್ಕು ಸಾವಿರ ಎಂದಾಗ ನನ್ನ ಅಮ್ಮ, ಅಂದರೆ ಹುಡುಗಿಯ ಅಜ್ಜಿ, "ಇನ್ನೂ ಪರೀಕ್ಷೆನೇ ಆಗಿಲ್ಲ, ವಕೀಲರ ಫೀಸು ಶುರುವಾಯ್ತು" ಎಂದು ಎದ್ದು ಒಳಗೆ ಹೋದಳು. ವಯಸ್ಸಿನ ಮಿತಿ ಇಲ್ಲ ಎಂದು ಗೊತ್ತಾದ ಮೇಲೆ ನಮ್ಮ ಚಿಕ್ಕಪ್ಪನಿಗೂ ಒಂದು ಅರ್ಜಿ ಹಾಕೋಣವೇ ಎಂದು ಚರ್ಚೆಯಾಯಿತು. ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಓಡಾಡುವುದರಲ್ಲೇ ಅವರಿಗೆ ಅರ್ಧ ಆಯುಷ್ಯ ಕಳೆದಿದೆ. ಐವತ್ತನೆಯ ನಮೂನೆ, ಐವತ್ತಮೂರು, ಐವತ್ತೇಳು ಎಲ್ಲ ಬಾಯಿಪಾಠ. ಆದರೆ ಪಿಯುಸಿ ಪಾಸಾಗಿರಬೇಕು ಎಂಬ ಷರತ್ತಿನಲ್ಲಿ ದೇಶ ಒಬ್ಬ ವಕೀಲರನ್ನು ಕಳೆದುಕೊಂಡಿತು.

ಇಂಥ ಪರೀಕ್ಷೆಗೆ ಕೋಚಿಂಗ್ ಇಲ್ಲದೆ ಆಗುವುದಿಲ್ಲ ಎಂದು ಊರಿಗೆ ಬಂದುಹೋದವರೆಲ್ಲ ಹೇಳಿದರು. ಬೆಂಗಳೂರಲ್ಲಿ ಒಂದು ವರ್ಷ ಬಿಡಿ, ಅಂದರು. ವಿದ್ಯೆಗಾಗಿ ಊರು ಬಿಡಬೇಕು ಎಂಬ ಮಾತು ನಮ್ಮಲ್ಲಿ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಹುಡುಗನೊಬ್ಬ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನ ಜೊತೆ ಜಗಳವಾಯಿತು. ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕಡೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಳ್ಳಬೇಕಾಯಿತು. ಮಯೂರಶರ್ಮನ ಈ ಕತೆಯನ್ನು ಕುಬ್ಜನೆಂಬ ಕವಿ ಬರೆದದ್ದು ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದಲ್ಲಿ ಇವತ್ತಿಗೂ ಇದೆ. ಓದಲು ಹೋದವನು ರಾಜ್ಯ ಕಟ್ಟಿದ ಎಂದು ಮೇಷ್ಟ್ರುಗಳು ಹೆಮ್ಮೆಯಿಂದ ಹೇಳುತ್ತಾರೆ. ಕೋರ್ಸು ಮುಗಿಸಲಿಲ್ಲ ಎಂಬ ಭಾಗವನ್ನು ಯಾರೂ ಒತ್ತಿ ಹೇಳುವುದಿಲ್ಲ.

ಊರು ಬಿಡುವುದು ಬೇಡ ಎನ್ನುವವರಿಗೂ ಇಲ್ಲೇ ಆಧಾರವಿದೆ. ತಾಳಗುಂದದ ಪಕ್ಕದಲ್ಲೇ ಬಳ್ಳಿಗಾವೆ. ಅಲ್ಲಿಯ ಕೇದಾರೇಶ್ವರದ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದು ಹೇಳುವುದನ್ನು ಓದಿದರೆ ಒಂದು ವಿಶ್ವವಿದ್ಯಾಲಯದ ಕೈಪಿಡಿ ಓದಿದಂತಾಗುತ್ತದೆ. ನಾಲ್ಕು ವೇದ, ಪಾಣಿನಿ, ಶಾಕಟಾಯನ ಮುಂತಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಎಲ್ಲವನ್ನೂ ಅಲ್ಲಿ ಓದಿಸುತ್ತಿದ್ದರು. ದೀನರಿಗೆ, ಕುರುಡರಿಗೆ, ಕಿವುಡರಿಗೆ ಊಟ, ರೋಗಿಗಳಿಗೆ ಔಷಧ. ತರ್ಕವನ್ನು ಕಲಿಸುತ್ತಿದ್ದ ಜಾಗದಲ್ಲೇ ಅನ್ನವನ್ನೂ ಹಾಕುತ್ತಿದ್ದರು ಎಂಬುದು ನನಗೆ ಇಷ್ಟವಾದ ಸಂಗತಿ. ಎಂಟುನೂರು ವರ್ಷಗಳ ಹಿಂದೆ ಶಿರಾಳಕೊಪ್ಪದ ಬಸ್ಸು ಹಿಡಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಇಂಥದ್ದೊಂದು ಇತ್ತು. ಈಗ ಲಾಜಿಕಲ್ ರೀಸನಿಂಗಿಗೆ ಬೆಂಗಳೂರಿಗೆ ಹೋಗಿ ಎನ್ನುತ್ತಾರೆ. ಅನ್ನದ ಬಿಲ್ಲು ಬೇರೆ.

ಹುಡುಗಿ ಎರಡೂ ಪಕ್ಷದವರ ವಾದ ಕೇಳಿಸಿಕೊಂಡು ಮನೆಯಲ್ಲೇ ಕೂತಳು. ಫೋನಿನಲ್ಲಿ ಪಾಠ, ಫೋನಿನಲ್ಲಿ ಮಾಕ್ ಟೆಸ್ಟು. ನೆಟ್‌ವರ್ಕ್ ಸಿಗುವುದು ಕಣದ ಆಚೆ ಗೇರುಮರದ ಬುಡದಲ್ಲಿ ಮಾತ್ರ. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಶಾಶ್ವತವಾಗಿ ನೆಲೆಸಿತು. ಪರೀಕ್ಷೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಡೆಯುವುದರಿಂದ ಅಭ್ಯಾಸವನ್ನೂ ಅದೇ ಹೊತ್ತಿಗೆ ಮಾಡಬೇಕಂತೆ. ಎರಡರಿಂದ ನಾಲ್ಕು ಎಂದರೆ ನಮ್ಮೂರಿನಲ್ಲಿ ನಾಯಿಗಳೂ ಮಲಗುವ ಹೊತ್ತು. ಆ ಹೊತ್ತಿನಲ್ಲಿ ಎಚ್ಚರವಾಗಿರುವುದೇ ತಯಾರಿಯ ಅರ್ಧ ಭಾಗ ಎಂದು ನನಗೆ ತೋರಿತು. ಕೋಚಿಂಗಿಗೆ ದುಡ್ಡಿಲ್ಲದ ಮಕ್ಕಳೂ ಇಂಥ ಕಾನೂನು ಕಾಲೇಜುಗಳನ್ನು ಸೇರುವಂತಾಗಲಿ ಎಂದು ಶಮ್ನಾದ್ ಬಷೀರ್ ಎಂಬ ಕಾನೂನು ಪ್ರಾಧ್ಯಾಪಕರು 2010ರಲ್ಲಿ 'ಇಡಿಯಾ' ಎಂಬ ಸಂಸ್ಥೆ ಕಟ್ಟಿದರು. ಪರೀಕ್ಷೆಯನ್ನು ನಡೆಸುವ ರೀತಿ ಸರಿಯಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು. ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಲೇ ಪರೀಕ್ಷೆಯ ಮೇಲೆ ಕೇಸು ಹಾಕಿದ ಅವರನ್ನು ನಮ್ಮ ಜಗಲಿ ನೋಡಿದ್ದರೆ ತನ್ನವನೆಂದೇ ಕರೆದು ಮಣೆ ಹಾಕುತ್ತಿತ್ತು.

ಪ್ರಚಲಿತ ವಿದ್ಯಮಾನದ ವಿಷಯಕ್ಕೆ ಬಂದರೆ, ಕ್ಯಾಸನೂರಿನವರಿಗೆ ಒಂದು ಸವಲತ್ತಿದೆ. ನಮ್ಮ ಊರೇ ಒಂದು ಜನರಲ್ ನಾಲೆಜ್ ಪ್ರಶ್ನೆ. 1957ರಲ್ಲಿ ಇಲ್ಲಿಯ ಕಾಡಿನಲ್ಲಿ ಮಂಗಗಳು ಒಂದೊಂದಾಗಿ ಸತ್ತು ಬೀಳತೊಡಗಿದವು, ಜೊತೆಗೆ ಸೊಪ್ಪಿಗೆ, ಸೌದೆಗೆ ಹೋದವರಿಗೂ ಜ್ವರ ಬಂತು. ಮಂಗ ಸಾಯುವುದನ್ನು ಕಂಡು ಇದು ಆಫ್ರಿಕಾದ ಹಳದಿ ಜ್ವರವಿರಬಹುದೇ ಎಂದು ದೊಡ್ಡವರೆಲ್ಲ ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿ, ಇದು ಬೇರೆಯೇ ವೈರಸ್ಸು, ಕಾಡಿನ ಉಣುಗಿನಿಂದ ಬರುತ್ತದೆ ಎಂದು ಕಂಡುಹಿಡಿದು, 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂದು ಹೆಸರಿಟ್ಟು ಹೋದರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ, ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುತ್ತೇವೆ. ಅಂದಿನಿಂದ ಪ್ರಪಂಚದ ವೈದ್ಯ ವಿದ್ಯಾರ್ಥಿಗಳೆಲ್ಲ ನಮ್ಮೂರಿನ ಹೆಸರನ್ನು ಉರು ಹೊಡೆಯುತ್ತಾರೆ. ಬೆಂಗಳೂರಿನಲ್ಲಿ ಯಾರಾದರೂ ಡಾಕ್ಟರರ ಮುಂದೆ ಊರು ಕ್ಯಾಸನೂರು ಎಂದರೆ ಅವರ ಕಣ್ಣಲ್ಲಿ ಕುತೂಹಲ ಮಿಂಚುತ್ತದೆ. ಕುರ್ಚಿ ಮಾತ್ರ ಒಂದಿಷ್ಟು ಹಿಂದೆ ಸರಿಯುತ್ತದೆ.

ಇದರ ಮೇಲೆ ಒಂದು ರಾತ್ರಿ ಭಾರೀ ಚರ್ಚೆ. ಊರಿನ ಹೆಸರನ್ನು ರೋಗಕ್ಕೆ ಇಟ್ಟದ್ದಕ್ಕೆ ಮಾನನಷ್ಟ ಮೊಕದ್ದಮೆ ಹೂಡಬಹುದೇ? ಹುಡುಗಿ ಹೊಸ ಭಾರತೀಯ ನ್ಯಾಯ ಸಂಹಿತೆ ತೆಗೆದಳು. 2024ರ ಜುಲೈ 1ರಿಂದ ಜಾರಿಗೆ ಬಂದದ್ದು; ಮಾನನಷ್ಟ ಈಗ 356ನೇ ಕಲಮು. ಜನರ ಒಂದು ಗುಂಪಿನ ಮಾನವೂ ನಷ್ಟವಾಗಬಹುದು ಎಂದು ಅದರಲ್ಲೇ ವಿವರಣೆ ಇದೆ. ಜಗಲಿಗೆ ಹುರುಪು ಬಂತು. ಆದರೆ ಪ್ರತಿವಾದಿ ಯಾರು? ಪುಣೆಯವರೇ, ವೈರಸ್ಸೇ, ಉಣುಗೇ? ಅಷ್ಟರಲ್ಲಿ ಅವಳು ಇನ್ನೊಂದು ದಾಖಲೆ ತಂದಳು: ಹೊಸ ರೋಗಗಳಿಗೆ ಊರಿನ ಹೆಸರು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. "ಹಂಗಾದ್ರೆ ಗೆದ್ದೆವು" ಎಂದರು ಚಿಕ್ಕಪ್ಪ. "ಇಲ್ಲ ಅಜ್ಜ, ಅದು ಹೊಸ ರೋಗಕ್ಕೆ. ಹಿಂದಿನದ್ದಕ್ಕೆ ಅನ್ವಯ ಆಗಲ್ಲ." ಚಿಕ್ಕಪ್ಪನಿಗೆ ಸಿಟ್ಟು ಬರಲಿಲ್ಲ. ಹಿಂದಿನದ್ದಕ್ಕೆ ಅನ್ವಯ ಆಗಲ್ಲ ಎಂಬ ಮಾತನ್ನು ಅವರು ತಾಲ್ಲೂಕು ಕಚೇರಿಯ ಎಷ್ಟೋ ಕಿಟಕಿಗಳಲ್ಲಿ ಕೇಳಿದ್ದಾರೆ. ಮೊಮ್ಮಗಳ ಬಾಯಲ್ಲಿ ಅದೇ ಮಾತು ಅಷ್ಟೇ ಸಲೀಸಾಗಿ ಬಂದದ್ದು ನೋಡಿ, ಇವಳು ಪಾಸಾಗುತ್ತಾಳೆ ಎಂದು ತೀರ್ಮಾನ ಕೊಟ್ಟರು.

ಅಸಲು ಪಾಠ ನಡೆದದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ಕ್ಲ್ಯಾಟ್ ನಡೆಯುವುದು ಡಿಸೆಂಬರಿನ ಮೊದಲ ವಾರದಲ್ಲಿ, ಭಾನುವಾರ. ಈ ದಿನ ಗೊತ್ತುಮಾಡಿದವರ ಮನೆಯಲ್ಲಿ ಅಡಿಕೆ ತೋಟ ಇಲ್ಲ ಎಂಬುದು ಖಂಡಿತ. ಕೊನೆ ಕೊಯ್ಲು ಹತ್ತಿದ ಮೇಲೆ ಮಲೆನಾಡಿನ ಮನೆಯಲ್ಲಿ ಸುಮ್ಮನೆ ಕೂರುವ ಅಧಿಕಾರ ಯಾರಿಗೂ ಇಲ್ಲ. ಹಗಲು ಕೊಯ್ಲು, ರಾತ್ರಿ ಸುಲಿಯುವುದು, ಬೆಳಗಿನ ಜಾವಕ್ಕೆ ಹಂಡೆಯಲ್ಲಿ ಬೇಯಿಸುವುದು. ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹತ್ತು ಹನ್ನೆರಡು ಜನ ಸಾಲಾಗಿ ಕೂತಿರುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಹುಡುಗಿಗೂ ಒಂದು ಮೆಟ್ಟುಗತ್ತಿ ಇತ್ತು. ಫೋನನ್ನು ಬುಟ್ಟಿಗೆ ಒರಗಿಸಿಟ್ಟುಕೊಂಡು, ಗದ್ಯಭಾಗಗಳನ್ನು ಕನ್ನಡದಲ್ಲಿ ಹೇಳಿ, "ಹೇಳಿ, ಯಾರು ಗೆಲ್ತಾರೆ?" ಎಂದು ಕೇಳುವಳು.

ಕಾನೂನಿನ ತರ್ಕದ ಪ್ರಶ್ನೆಗೆ ಒಂದು ಕಟ್ಟು ಇದೆ. ಮೊದಲು ಒಂದು ನಿಯಮ ಕೊಡುತ್ತಾರೆ, ಆಮೇಲೆ ಒಂದು ಪ್ರಸಂಗ. ನಿಯಮವನ್ನು ಪ್ರಸಂಗಕ್ಕೆ ಹಚ್ಚಿ ಉತ್ತರ ಹೇಳಬೇಕು. ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ. ಹೊರಗಿನದ್ದನ್ನು ತಂದರೆ ಉಪಯೋಗಕ್ಕಿಂತ ಅಪಾಯವೇ ಹೆಚ್ಚು. ಕೊಟ್ಟ ನಿಯಮ ನಿಮಗೆ ಅನ್ಯಾಯವೆಂದು ಕಂಡರೂ ಅದೇ ನಿಯಮ. ಕೇಳಲು ಎಷ್ಟು ಸುಲಭ! ನಮ್ಮ ಚಪ್ಪರ ಮುಗ್ಗರಿಸಿದ್ದು ಇಲ್ಲೇ.

ಮೊದಲ ಪ್ರಶ್ನೆ ದನದ್ದು. ನಿಯಮ: ಒಬ್ಬನ ದನ ಇನ್ನೊಬ್ಬನ ಜಮೀನಿಗೆ ನುಗ್ಗಿ ನಷ್ಟ ಮಾಡಿದರೆ, ದನದ ಯಜಮಾನ ಎಚ್ಚರ ತಪ್ಪಿರಲಿ ಬಿಡಲಿ, ನಷ್ಟ ಕಟ್ಟಿಕೊಡಬೇಕು. ಪ್ರಸಂಗ: ಎ ಎಂಬವನ ಎಮ್ಮೆ ಬಿ ಎಂಬವನ ಗದ್ದೆಗೆ ನುಗ್ಗಿ ಪೈರು ಮೇಯಿತು. ಉತ್ತರ ಎದುರಿಗೇ ಇದೆ. ಆದರೆ ಕತ್ತಿಗಳೆಲ್ಲ ನಿಂತವು.

"ಎ ಅಂದ್ರೆ ಯಾರ ಮಗ?"

"ಯಾರ ಮಗನೂ ಅಲ್ಲ ಅತ್ತೆ. ಎ ಅಷ್ಟೇ."

"ಯಾರ ಮಗನೂ ಅಲ್ಲದವನಿಗೆ ಎಮ್ಮೆ ಎಲ್ಲಿಂದ ಬಂತೇ?"

"ಬೇಲಿ ಕಟ್ಟೋ ಸರದಿ ಯಾರದ್ದಿತ್ತು? ಅದು ಹೇಳು ಮೊದಲು."

"ಕೊಯ್ಲಿಗೆ ಮುಂಚೆಯಾ, ಆಮೇಲಾ? ಕೊಯ್ಲಾದ ಮೇಲೆ ಊರ ದನ ಬಯಲಿಗೆ ಬಿಡೋದೇ ತಾನೆ?"

"ಆ ಬಿ ಇದಾನಲ್ಲ, ಅವನಿಗೆ ಎ ಮೇಲೆ ಮೊದಲೇ ದ್ವೇಷ ಇರ್ಬೇಕು. ಬೇಲಿ ತಾನೇ ಕಿತ್ತಿಟ್ಟಿರ್ತಾನೆ."

ಹುಡುಗಿ ತಲೆಯ ಮೇಲೆ ಕೈ ಇಟ್ಟುಕೊಂಡು "ಅದೆಲ್ಲ ಪ್ಯಾಸೇಜಿನಲ್ಲಿ ಇಲ್ಲ!" ಎಂದು ಕೂಗಿದಳು. ಇಡೀ ಕೊಯ್ಲಿನ ಕಾಲ ಆ ಚಪ್ಪರದಲ್ಲಿ ಅತಿ ಹೆಚ್ಚು ಕೇಳಿಬಂದ ವಾಕ್ಯ ಅದು. ಪ್ಯಾಸೇಜಿನಲ್ಲಿ ಇಲ್ಲದ್ದನ್ನು ಬಿಟ್ಟು ಯೋಚಿಸುವುದು ಹೇಗೆಂದು ನಮ್ಮವರಿಗೆ ತಿಳಿಯದು. ಪ್ಯಾಸೇಜನ್ನು ಬಿಟ್ಟು ಬೇರೇನನ್ನೂ ಯೋಚಿಸಬಾರದು ಎಂಬುದನ್ನೇ ಅವಳು ಕಲಿಯಬೇಕಿತ್ತು. ದಿನವೂ ಎದುರು ಹತ್ತು ಜನ ಪ್ಯಾಸೇಜಿನ ಬೇಲಿ ಹಾರುವುದನ್ನು ನೋಡಿ ನೋಡಿ ಅವಳಿಗೆ ಬೇಲಿ ಎಲ್ಲಿದೆ ಎಂದು ಖಚಿತವಾಗಿ ಗೊತ್ತಾಯಿತು. ಯಾವ ಕೋಚಿಂಗಿನಲ್ಲೂ ಇಷ್ಟು ಚೆನ್ನಾಗಿ ಹೇಳಿಕೊಡುತ್ತಿರಲಿಲ್ಲ.

ನಮ್ಮವರು ಹೀಗೇಕೆ ಎಂದರೆ, ಈ ಸೀಮೆಗೆ ಕಾನೂನು ಬಂದದ್ದೇ ಹಾಗೆ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರಲ್ಲ, ಆ ಜಗಳದ ಒಂದು ಮೂಲ ಗೇಣಿಭತ್ತ ಅಳೆಯುವ ಕೊಳಗದ ಗಾತ್ರ. ಇಷ್ಟು ಕೊಳಗ ಗೇಣಿ ಕೊಡಬೇಕು ಎಂಬುದು ನಿಯಮ, ಇಷ್ಟು ಕೊಳಗ ಕೊಟ್ಟಿದ್ದಾರೆ ಎಂಬುದು ಪ್ರಸಂಗ, ಎರಡೂ ತಾಳೆಯಾಗುತ್ತದೆ. ಕೊಳಗ ಎಷ್ಟು ಸೇರಿನದು ಎಂದು ಪ್ಯಾಸೇಜು ಹೇಳುವುದಿಲ್ಲ. ಅದನ್ನು ಕೇಳಿದ್ದಕ್ಕೇ ಎಚ್. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಊರೂರು ಅಲೆದದ್ದು, ರಾಮಮನೋಹರ ಲೋಹಿಯಾ ಇಲ್ಲಿಯವರೆಗೆ ಬಂದು ಬಂಧನಕ್ಕೊಳಗಾದದ್ದು.

ಆಮೇಲೆ ದೇವರಾಜ ಅರಸರ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಾಯಿತು. ಅರ್ಜಿಯ ವಿಚಾರಣೆ ಭೂ ನ್ಯಾಯಮಂಡಳಿಯಲ್ಲಿ. ಆ ಕಾಯ್ದೆಯಲ್ಲಿ ಒಂದು ಸ್ವಾರಸ್ಯದ ಕಲಮಿತ್ತು: ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ! ಉಳ್ಳವರು ವಕೀಲರನ್ನಿಟ್ಟು ಬಡವರನ್ನು ಸೋಲಿಸಬಾರದು ಎಂದು ಆ ಏರ್ಪಾಡು. ಅದು ನಿಲ್ಲುವುದಿಲ್ಲ, ವಕೀಲರನ್ನು ತಡೆಯುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. ಅದೇನೇ ಇರಲಿ, ಕಲಮು ಇದ್ದ ದಿನಗಳಲ್ಲಿ ಹೆಬ್ಬೆಟ್ಟು ಒತ್ತುವ ಜನ ತಮ್ಮ ಕೇಸನ್ನು ತಾವೇ ನಡೆಸಿದರು. ಯಾವ ವರ್ಷ ಯಾವ ಗದ್ದೆಗೆ ಯಾರು ಗೊಬ್ಬರ ಹೊತ್ತರು, ಪಹಣಿಯಲ್ಲಿ ಯಾರ ಹೆಸರು, ಸಾಕ್ಷಿ ಯಾರು ಎಂದು ಎದ್ದು ನಿಂತು ಹೇಳಿದರು. ಸೊರಬ ಸೀಮೆಯ ಜಗಲಿಗಳು ಲಾ ಕಾಲೇಜುಗಳಾದದ್ದು ಆಗ ಎಂದು ನನ್ನ ಊಹೆ. ಸೊರಬದಿಂದಲೇ ಗೆದ್ದು ಮುಖ್ಯಮಂತ್ರಿಯಾದ ಕುಬಟೂರಿನ ಎಸ್. ಬಂಗಾರಪ್ಪನವರು ಓದಿದ್ದೂ ಕಾನೂನೇ. ಪದವಿ ಇಲ್ಲದೆ ಅದನ್ನು ಅರೆದು ಕುಡಿದವರು ಅವರ ಮತದಾರರಲ್ಲಿ ಎಷ್ಟೋ ಜನ.

ಇನ್ನು ಕಾನುಗಳ ಕತೆ. ಸೊರಬದ ಕಾನು ಎಂದರೆ ಮೆಣಸು, ಬೈನೆ, ದೇವರು, ಚೌಡಿ ಎಲ್ಲ ಸೇರಿದ ದಟ್ಟ ಕಾಡು. ಅದು ಯಾರದ್ದು, ಊರಿನದ್ದೋ ಸರ್ಕಾರದ್ದೋ ಎಂಬ ಪ್ರಶ್ನೆ ಹಳೆಯದು. ಬ್ರಿಟಿಷರ ಕಾಡಿನ ದೊಡ್ಡ ಅಧಿಕಾರಿ ಬ್ರಾಂಡಿಸ್, ಗ್ರಾಂಟ್ ಎಂಬವನ ಜೊತೆ ಸೇರಿ 1868ರಲ್ಲಿ ಸೊರಬದ ಕಾನುಗಳ ಬಗ್ಗೆಯೇ ಒಂದು ವರದಿ ಬರೆದ. ಪ್ರಶ್ನೆ ಇನ್ನೂ ಮುಗಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ, ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದೇವೆಂದು ತೋರಿಸಬೇಕಾಯಿತು. ಕಾಗದ ಎಲ್ಲಿಂದ ತರುವುದು? ಆದರೆ ಆ ಕಾಯ್ದೆಯ ನಿಯಮಾವಳಿ ಒಂದು ಒಳ್ಳೆಯ ಕೆಲಸ ಮಾಡಿದೆ: ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಅದು ಗೊತ್ತಾದ ದಿನ ನನ್ನ ಅಮ್ಮನ ನೆನಪಿಗೆ ಮನೆಯಲ್ಲಿ ಬೆಲೆ ಏರಿತು. ಅಲ್ಲಿಯವರೆಗೆ ಅವಳು ಹಳೆಯದ್ದು ಹೇಳಲು ಶುರುಮಾಡಿದರೆ ಎದ್ದುಹೋಗುತ್ತಿದ್ದವರೆಲ್ಲ ಪೆನ್ನು ಹಿಡಿದು ಎದುರು ಕೂತರು.

ಆ ಅಮ್ಮನೇ ಒಂದು ರಾತ್ರಿ ಚಪ್ಪರವನ್ನು ಗೆದ್ದದ್ದು. ಅಂದಿನ ಪ್ರಶ್ನೆ ಒಂದು ಹಳೆಯ ನಿಜವಾದ ಕೇಸಿನ ಮೇಲೆ ಕಟ್ಟಿದ್ದು, 1913ರಲ್ಲಿ ಅಲಹಾಬಾದ್ ಹೈಕೋರ್ಟು ತೀರ್ಮಾನಿಸಿದ ಲಾಲ್‌ಮನ್ ಶುಕ್ಲ ಮತ್ತು ಗೌರಿ ದತ್ತರ ಕೇಸು. ಗೌರಿ ದತ್ತನ ಸೋದರಳಿಯ ಮನೆಬಿಟ್ಟು ಹೋದ. ಹುಡುಕಿಕೊಂಡು ಬಾ ಎಂದು ಆಳು ಲಾಲ್‌ಮನ್‌ನನ್ನು ಹರಿದ್ವಾರದ ಕಡೆ ಕಳುಹಿಸಿದರು. ಅವನು ಹೋದ ಮೇಲೆ ಯಜಮಾನ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಎಂದು ಸಾರಿದ. ಲಾಲ್‌ಮನ್‌ಗೆ ಇದು ಗೊತ್ತಿಲ್ಲ. ಹುಡುಗನನ್ನು ಪತ್ತೆಹಚ್ಚಿದ. ಆಮೇಲೆ ಬಹುಮಾನ ಕೇಳಿದ. ನಿಯಮ: ಗೊತ್ತೇ ಇಲ್ಲದ ಕೊಡುಗೆಯನ್ನು ಒಪ್ಪಿಕೊಳ್ಳಲು ಬರುವುದಿಲ್ಲ, ಒಪ್ಪಿಗೆಯಿಲ್ಲದೆ ಕರಾರಿಲ್ಲ. ಉತ್ತರ: ಲಾಲ್‌ಮನ್‌ಗೆ ಹಣ ಇಲ್ಲ.

ಚಪ್ಪರದಲ್ಲಿ ದಂಗೆಯೇ ಎದ್ದಿತು. 1913ರ 501 ರೂಪಾಯಿಗೆ ಎಷ್ಟು ಕ್ವಿಂಟಲ್ ಅಡಿಕೆ ಬರುತ್ತಿತ್ತು ಎಂದು ಒಬ್ಬರು ಲೆಕ್ಕ ಹಾಕತೊಡಗಿದರು. ಯಜಮಾನನಿಗೆ ಶಾಪ ಹಾಕಿದವರೆಷ್ಟೋ. ಅಮ್ಮ ಮಾತ್ರ ಕತ್ತಿ ನಿಲ್ಲಿಸದೆ, "ಬಂದ ದಿನವೇ ಕೇಳಿದನೇನೇ ಅವನು?" ಎಂದಳು. ಪ್ಯಾಸೇಜಿನಲ್ಲಿ ಇರಲಿಲ್ಲ. ಹುಡುಗಿಗೂ ಕುತೂಹಲವಾಗಿ ಮರುದಿನ ಗೇರುಮರದ ಬುಡದಲ್ಲಿ ಕೂತು ತೀರ್ಪನ್ನೇ ಹುಡುಕಿ ಓದಿ ಬಂದಳು. ಹುಡುಗ ಸಿಕ್ಕಾಗ ಯಜಮಾನ ಲಾಲ್‌ಮನ್‌ಗೆ ಎರಡು ಸವರನ್ ಕೊಟ್ಟಿದ್ದ, ಊರಿಗೆ ಬಂದ ಮೇಲೆ 20 ರೂಪಾಯಿಯನ್ನೂ ಕೊಟ್ಟಿದ್ದ. ಅವನೂ ತೆಗೆದುಕೊಂಡು ತಿಂಗಳುಗಟ್ಟಲೆ ಸುಮ್ಮನೆ ಕೆಲಸ ಮಾಡಿಕೊಂಡಿದ್ದ. ಆಮೇಲೆ ಕೆಲಸದಿಂದ ತೆಗೆದರು. ಕೇಸು ಹಾಕಿದ್ದು ಅದಾದ ಮೇಲೆ.

"ಮತ್ತೆ?" ಎಂದಳು ಅಮ್ಮ. "ಜಗಳ ಐನೂರೊಂದು ರೂಪಾಯಿದ್ದಲ್ಲ ಹಾಗಾದ್ರೆ. ಕೆಲಸದಿಂದ ತೆಗೆದದ್ದರದ್ದು."

ಯಾರೂ ಮಾತಾಡಲಿಲ್ಲ. ನೂರು ವರ್ಷಗಳಿಂದ ಕರಾರು ಕಾಯ್ದೆಯ ಪುಸ್ತಕಗಳಲ್ಲೆಲ್ಲ ಇರುವ ಕೇಸು. ಕೋರ್ಟಿನ ಮುಂದಿದ್ದ ಪ್ರಶ್ನೆಗೆ ಕೋರ್ಟು ಸರಿಯಾಗಿಯೇ ಉತ್ತರಿಸಿದೆ. ಆದರೆ ಲಾಲ್‌ಮನ್ ಕೋರ್ಟಿನ ಮೆಟ್ಟಿಲು ಹತ್ತಿದ್ದು ಯಾಕೆ ಎಂಬುದು ಆ ಪ್ರಶ್ನೆಯೊಳಗೆ ಇರಲೇ ಇಲ್ಲ. ಪರೀಕ್ಷೆಗೆ ಅದು ಬೇಕಾಗಿಯೂ ಇಲ್ಲ. ನಾಳೆ ಇವಳ ಎದುರು ಕುರ್ಚಿಯಲ್ಲಿ ಬಂದು ಕೂರುವ ಕಕ್ಷಿದಾರನಿಗೆ ಬೇಕಾಗಿರುವುದು ಮಾತ್ರ ಅದೊಂದೇ.

ಉಳಿದ ವಿಷಯಗಳು ಇಷ್ಟು ರಂಗಾಗಿರಲಿಲ್ಲ. ಗಣಿತ ಶೇಕಡಾವಾರು, ಅನುಪಾತಗಳ ಮಟ್ಟದ್ದು. ಹಸಿ ಅಡಿಕೆಗೆ ಒಣ ಅಡಿಕೆ ಎಷ್ಟು ಬೀಳುತ್ತದೆ, ಮಂಡಿಯವರು ಹಿಡಿಯುವ ಮುರಿತ ಎಷ್ಟು ಎಂದು ಹುಟ್ಟಿನಿಂದ ಕೇಳಿ ಬೆಳೆದವರಿಗೆ ಕಷ್ಟವಲ್ಲ. ಇಂಗ್ಲಿಷು ಕಷ್ಟ. ಕ್ಲ್ಯಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಸೊರಬದ ಕೋರ್ಟಿನಲ್ಲಿ ಕಕ್ಷಿದಾರ ಕನ್ನಡದಲ್ಲಿ ಅಳುತ್ತಾನೆ, ಸಾಕ್ಷಿ ಕನ್ನಡದಲ್ಲಿ ತಡವರಿಸುತ್ತಾನೆ. ಅವರ ವಕೀಲರಾಗಲು ಹೊರಟ ಮಕ್ಕಳು ಮಾತ್ರ ತಮ್ಮ ಬುದ್ಧಿಯನ್ನು ಇಂಗ್ಲಿಷಿನಲ್ಲಿ ತೋರಿಸಬೇಕು. ಹುಡುಗಿ ಇದಕ್ಕೆ ಗೊಣಗಲಿಲ್ಲ. ದಿನಾ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ, ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವುದು ಎಂದು ಒಂದು ವ್ರತ ಹಿಡಿದಳು. ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದ ಅಜ್ಜಿ ಸುಲಭದ ಶ್ರೋತೃವಲ್ಲ. ಅರ್ಥವಾಗದಿದ್ದರೆ "ನಿನಗೇ ಅರ್ಥ ಆಗಿಲ್ಲ, ಇನ್ನೊಂದ್ಸಲ ಓದು" ಎಂದು ವಾಪಸು ಕಳಿಸುತ್ತಿದ್ದಳು. ಇದು ಬಹುತೇಕ ಸಲ ನಿಜವೇ ಆಗಿರುತ್ತಿತ್ತು.

ಪರೀಕ್ಷೆಯ ಹಿಂದಿನ ರಾತ್ರಿ ಅಪ್ಪ ಮಗಳು ಬೆಂಗಳೂರಿನ ಬಸ್ಸು ಹತ್ತಿದರು. ಬೀಳ್ಕೊಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡ, ಕಾಲು ಅಂಕ ಹೋಗುತ್ತದೆ. ಗೊತ್ತಿಲ್ಲದಿದ್ದರೂ ಧೈರ್ಯವಾಗಿ ಹೇಳು, ನಮ್ಮ ವಕೀಲರೆಲ್ಲ ಹಾಗೇ ಮಾಡೋದು. ಚಿಕ್ಕಪ್ಪ, ಎ ಮತ್ತು ಬಿ ಸಿಕ್ಕರೆ ಎಮ್ಮೆ ಕೇಸು ಏನಾಯಿತೆಂದು ಕೇಳಿಕೊಂಡು ಬರಲು ಹೇಳಿದರು.

ಫಲಿತಾಂಶ ಬಂತು. ನಾಗರಬಾವಿ ಸಿಗುವ ರ‍್ಯಾಂಕು ಅಲ್ಲ, ನಗೆಗೀಡಾಗುವ ರ‍್ಯಾಂಕೂ ಅಲ್ಲ. ಹೊರರಾಜ್ಯದ ಒಂದು ಕಾನೂನು ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರು ಮೇಲಕ್ಕೂ ಕೆಳಕ್ಕೂ ಓಲಾಡುವಂಥದ್ದು. ಇತ್ತ ಶಿವಮೊಗ್ಗದಲ್ಲೇ ಕಾನೂನು ಕಾಲೇಜಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಪಿಯುಸಿ ಅಂಕ ಸಾಕು, ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಮಯೂರಶರ್ಮನ ಪಕ್ಷ ದೂರ ಹೋಗಲಿ ಎನ್ನುತ್ತದೆ, ಕೋಡಿಯ ಮಠದ ಪಕ್ಷ ಹತ್ತಿರ ಇರಲಿ ಎನ್ನುತ್ತದೆ. ಹುಡುಗಿ ಎರಡೂ ಕಡೆಯ ವಾದಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಳೆ.

ನಾನು ಕೇಳಿದೆ, "ಚಪ್ಪರದ ಪಾಠದಿಂದ ಏನಾದ್ರೂ ಉಪಯೋಗ ಆಯ್ತಾ, ಇಲ್ಲ ಹಾಳಾಯ್ತಾ?"

"ಲೀಗಲ್ ರೀಸನಿಂಗಲ್ಲೇ ಜಾಸ್ತಿ ಬಂದಿದ್ದು ದೊಡ್ಡಪ್ಪ. ಒಂದೇ ತೊಂದರೆ, ಎಲ್ಲ ಪ್ರಶ್ನೆಗೂ ನಾಲ್ಕೇ ಆಯ್ಕೆ. ಅಜ್ಜಿ ಯಾವಾಗಲೂ ಹೇಳೋ ಐದನೇದು ಇರ್ತಿರಲಿಲ್ಲ."

ಐದನೆಯದು ಚಪ್ಪರದಲ್ಲಿ ಎಲ್ಲರಿಗೂ ಗೊತ್ತು. ಎಮ್ಮೆಯ ಕೇಸಿಗೂ, ಲಾಲ್‌ಮನ್‌ನ ಕೇಸಿಗೂ, ಊರಿನ ಮಾನದ ಕೇಸಿಗೂ ಅಮ್ಮನದು ಒಂದೇ ತೀರ್ಪು: "ಇಬ್ಬರನ್ನೂ ಕರೆದು ಕೂರಿಸಿ, ಊಟ ಹಾಕಿ, ಮಾತಾಡಿಸಿ." ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಆದರೆ ದೇಶದ ಕಾನೂನು ಪುಸ್ತಕದಲ್ಲಿ ಜಾಗವಿದೆ: ರಾಜಿಗೆಂದೇ ಲೋಕ ಅದಾಲತ್ತುಗಳಿವೆ, 2023ರಲ್ಲಿ ಮಧ್ಯಸ್ಥಿಕೆಗೆಂದೇ ಸಂಸತ್ತು ಒಂದು ಕಾಯ್ದೆ ಮಾಡಿದೆ, ಕಾನೂನು ಕಾಲೇಜುಗಳಲ್ಲಿ ಪರ್ಯಾಯ ವ್ಯಾಜ್ಯ ಪರಿಹಾರ ಎಂಬ ಪಾಠವನ್ನೇ ಇಟ್ಟಿದ್ದಾರೆ. ಎಲ್ಲಿಗೆ ಸೇರಿದರೂ ಹುಡುಗಿ ಇನ್ನು ಕೆಲವು ವರ್ಷಕ್ಕೆ ಅದನ್ನು ದುಡ್ಡು ಕೊಟ್ಟು ಓದಿ ಬರುತ್ತಾಳೆ. ಊಟ ಹಾಕುವ ಭಾಗ ಮಾತ್ರ ಆ ಕಾಯ್ದೆಯಲ್ಲಿ ಬಿಟ್ಟುಹೋಗಿದೆ. ಅದಕ್ಕೊಂದು ತಿದ್ದುಪಡಿ ತರಬೇಕೆಂದು ಅಜ್ಜಿ ಈಗಲೇ ಮೊಮ್ಮಗಳಿಗೆ ವಕಾಲತ್ತು ಕೊಟ್ಟಾಗಿದೆ.